ಗಿಳಿಹಸಿರು ಕಾರಿನ ವಾಸನೆ

ಮನೆಯಲ್ಲಿ ಎಲ್ಲರೂ ಅವಳನ್ನು ಕರೆಯುತ್ತಿದ್ದದ್ದು ಕಡ್ಡಿ ಎಂದು. ಹುಟ್ಟಿದಾಗ ಬೆಂಕಿಕಡ್ಡಿಯ ಹಾಗಿದ್ದಳಂತೆ. ಆಮೇಲೆ ಉದ್ದವಾದಳೇ ಹೊರತು ದಪ್ಪವಾಗಲಿಲ್ಲ. ಮಾತು ಕಲಿತ ಮೇಲೆ ಆ ಹೆಸರಿಗೆ ಇನ್ನೊಂದು ಕಾರಣವೂ ಸೇರಿಕೊಂಡಿತು. ಯಾರಿಗೆ ಏನು ಹೇಳಬೇಕಾದರೂ ಕಡ್ಡಿ ಮುರಿದ ಹಾಗೆ ಹೇಳಿಬಿಡುವುದು ಅವಳ ಸ್ವಭಾವ. ಅಮ್ಮ ತೀರಿಕೊಂಡ ಮೇಲೆ ಅವಳನ್ನು ಸಾಕಿದ್ದು ಅಕ್ಕ. "ನಿನ್ನ ನಾಲಿಗೆಗೆ ಒಂದು ಬ್ರೇಕ್ ಹಾಕಿಸ್ಬೇಕು ಕಣೇ" ಎಂದು ಅಕ್ಕ ತಲೆ ಬಾಚುತ್ತಾ ದಿನವೂ ಬೈಯುತ್ತಿದ್ದಳು.

ಈಗ ಕಡ್ಡಿಗೆ ಇಪ್ಪತ್ತಮೂರು. ಒಂದು ಕ್ಲಿನಿಕ್ಕಿನಲ್ಲಿ ಫಿಸಿಯೋಥೆರಪಿಸ್ಟ್. ಪಾರ್ಶ್ವವಾಯು ಹೊಡೆದವರು, ಮಂಡಿ ಬದಲಿಸಿಕೊಂಡವರು, ಬಚ್ಚಲಲ್ಲಿ ಜಾರಿ ಸೊಂಟ ಮುರಿದುಕೊಂಡ ಅಜ್ಜಿಯರು, ಹೀಗೆ ಎದ್ದು ಬರಲಾರದವರ ಮನೆಗೇ ಹೋಗಿ ಕೈಕಾಲು ಆಡಿಸಿ ಬರುವ ಕೆಲಸ. ರಬ್ಬರ್ ಪಟ್ಟಿ, ಮರಳಿನ ತೂಕದ ಚೀಲ, ಮೇಲೆ ಒಂದು ದೊಡ್ಡ ಗಾಳಿಚೆಂಡು. ಇದನ್ನೆಲ್ಲ ಹೊತ್ತು ಎರಡೆರಡು ಬಸ್ಸು ಬದಲಿಸುವುದರೊಳಗೆ ಅವಳ ಸೊಂಟವೇ ಬಿದ್ದುಹೋಗುತ್ತಿತ್ತು. ಚೆಂಡನ್ನು ತಬ್ಬಿಕೊಂಡು ನಿಂತವಳಿಗೆ ಕಂಡಕ್ಟರು ದಿನಾ "ಮಗೂಗೂ ಟಿಕೆಟ್ ತಗೊಳ್ಳಮ್ಮ" ಎಂದು ಅದೇ ತಮಾಷೆ ಮಾಡುತ್ತಿದ್ದ. ಇಡೀ ಬಸ್ಸು ಅದೇ ನಗೆ ನಗುತ್ತಿತ್ತು. ಒಂದು ದಿನ ಆ ನಗೆ ಕೇಳಲಾರದೆ ಕಡ್ಡಿ ಮಧ್ಯದಲ್ಲೇ ಇಳಿದುಬಿಟ್ಟಳು. ಕಾರು ಕೊಳ್ಳಲೇಬೇಕು ಎಂದು ತೀರ್ಮಾನಿಸಿದ್ದು ಆವತ್ತೇ.

ಹಳೆಯ ಕಾರಾದರೂ ಚಿಂತೆಯಿಲ್ಲ, ಉಳಿತಾಯದೊಳಗೆ ಸಿಗಬೇಕು. ಆದರೆ ಬಿಳಿ, ಬೂದು, ಕಪ್ಪು ಮಾತ್ರ ಬೇಡ. ರಸ್ತೆ ಬದಿಯಲ್ಲಿ ಸಾಲಾಗಿ ನಿಂತ ಆ ಕಾರುಗಳನ್ನು ಕಂಡರೆ ಅವಳಿಗೆ ಕ್ಲಿನಿಕ್ಕಿನ ಬೆಂಚಿನ ಮೇಲೆ ಚೀಟಿ ಹಿಡಿದು ಕೂತ ರೋಗಿಗಳ ನೆನಪಾಗುತ್ತಿತ್ತು. ದೂರದಿಂದಲೇ 'ಅಗೋ ನನ್ನದು' ಅನ್ನುವಂತಿರಬೇಕು.

"ಬಿಳಿಯದನ್ನೇ ತಗೋ, ಮಾರೋವಾಗ ಸುಲಭ" ಎಂದ ಅಪ್ಪ. ಬಸ್ ಡಿಪೋದಲ್ಲಿ ಟೈಮ್ ಕೀಪರ್ ಆಗಿರುವ ಅಪ್ಪ ಜೀವಮಾನವಿಡೀ ಬಸ್ಸು ಬಂದದ್ದು ಹೋದದ್ದು ಬರೆಯುತ್ತಲೇ ಬಂದವನು. ಸ್ವಂತಕ್ಕೆ ಒಂದು ಸೈಕಲ್ಲನ್ನೂ ಇಟ್ಟವನಲ್ಲ.

"ಅಪ್ಪಾ, ಇನ್ನೂ ಕೊಂಡೇ ಇಲ್ಲ. ಆಗಲೇ ಮಾರೋ ಮಾತಾಡ್ತೀಯಲ್ಲ!"

ಮೊದಲು ನೋಡಿದ್ದು ಒಬ್ಬ ಟ್ಯೂಷನ್ ಮೇಷ್ಟ್ರ ಕೆಂಪು ಕಾರು. ಫೋಟೋದಲ್ಲಿ ಮದುಮಗಳ ಹಾಗೆ ಮಿಂಚುತ್ತಿತ್ತು. ಬಾಗಿಲು ತೆಗೆದರೆ, ಸೀಟಿಗೆ ತಲೆ ಒರಗಿಸುವ ಕಡೆ ವರ್ಷಗಟ್ಟಲೆ ತಲೆಯೆಣ್ಣೆ ಕುಡಿದು ಅಂಗೈಯಗಲದ ಕಪ್ಪು ಕಲೆ. ಬಾಗಿಲಿನ ಜೇಬಿಗೆ ಕೈ ಹಾಕಿದಾಗ ಬೆರಳಿಗೆ ಏನೋ ಚುಚ್ಚಿತು. ಕತ್ತರಿಸಿ ಗುಡ್ಡೆ ಹಾಕಿದ ಉಗುರುಗಳು.

"ಸಿಗ್ನಲ್‌ನಲ್ಲಿ ನಿಂತಾಗ ಟೈಮ್ ಪಾಸ್ ಆಗ್ಬೇಕಲ್ಲ" ಎಂದು ಮೇಷ್ಟ್ರು ಹಲ್ಲು ಗಿಂಜಿದರು.

ಎರಡನೆಯದರಲ್ಲಿ ನಾಯಿ ಕೂತಿತ್ತು. ಕಾರು ತೋರಿಸುವಾಗಲಾದರೂ ಅದನ್ನು ಇಳಿಸಬಹುದಾಗಿತ್ತು, ಇಳಿಸಲಿಲ್ಲ. ಸೀಟಿನ ಮೇಲೆ ಒದ್ದೆಯಾಗಿದ್ದದ್ದು ಏನು ಎಂದು ಕೇಳಿದರೆ ಯಜಮಾನಿ ನಾಯಿಯ ಮುಖ ನೋಡಿದಳು, ಅದೇ ಉತ್ತರ ಕೊಡಲಿ ಎಂಬಂತೆ. ಮೂರನೆಯ ಕಡೆ, ಹಳೇ ಕಾರು ಮಾರುವ ಒಂದು ಬಯಲಿನಲ್ಲಿ, ದಲ್ಲಾಳಿ ಕಡ್ಡಿಯ ಕಡೆ ತಿರುಗಿಯೂ ನೋಡದೆ ಅಪ್ಪನ ಹತ್ತಿರವೇ ಮಾತಾಡಿದ. "ಮಗಳು ಓಡಿಸೋದಾ ಸಾರ್? ಹಾಗಾದ್ರೆ ಗುದ್ದಿಸೋಕೆ ಅಂತ ಒಂದು ಹಳೇದು ತೋರಿಸ್ತೀನಿ." ಆಮೇಲೆ ಗೇರು ತೋರಿಸುವ ನೆಪದಲ್ಲಿ ಕಾರಿನೊಳಗೆ ಬಗ್ಗಿ ಅವಳ ಮಂಡಿಯ ಮೇಲೆ ಕೈಯಿಟ್ಟ. ಕಡ್ಡಿ ಅವನ ಕಿರುಬೆರಳು ಹಿಡಿದು, ಕೀಲುಗಳ ಪಾಠ ಓದಿದವಳಾದ್ದರಿಂದ ಎಷ್ಟು ಬೇಕೋ ಅಷ್ಟೇ, ಹಿಂದಕ್ಕೆ ಬಗ್ಗಿಸಿದಳು. ಅವನು ಕೂಗಿಕೊಂಡದ್ದು ಕೇಳಿ ಅಪ್ಪ "ಏನಾಯ್ತು?" ಎಂದ. "ಗೇರು ಬಿಗಿ ಇದೆ" ಎಂದಳು.

ಮನೆಗೆ ಬಂದು ಮೊಣಕೈವರೆಗೆ ಸೋಪು ಹಚ್ಚಿ ತೊಳೆದುಕೊಂಡಳು. ರೋಗಿಗಳ ಹುಣ್ಣು, ಕಫ, ಮೂತ್ರದ ಚೀಲ ಯಾವುದಕ್ಕೂ ಮುಖ ಸಿಂಡರಿಸದವಳು ಅವಳು. ಅದು ಕಾಯಿಲೆ, ಅದರಲ್ಲಿ ಯಾರ ತಪ್ಪೂ ಇಲ್ಲ. ಆದರೆ ಮೈಕೈ ನೆಟ್ಟಗಿರುವ ಜನ ಇಷ್ಟು ಹೇಸಿಗೆಯಾಗಿ ಬದುಕುತ್ತಾರೆ, ಅದನ್ನೇ ಪಾಲಿಶ್ ಮಾಡಿ ಮಾರುತ್ತಾರೆ ಎನ್ನುವುದು ಅವಳಿಗೆ ಹೊಸದಾಗಿತ್ತು.

ಆಗ ಭಾವ ನಡುವೆ ಬಂದ. "ನಾನೊಬ್ಬ ಇರೋವಾಗ ಊರೆಲ್ಲ ಅಲೀತಿದೀಯಲ್ಲ, ನಿನಗೆ ಬುದ್ಧಿ ಇದೆಯಾ?"

ಅಕ್ಕನ ಗಂಡ ಇನ್ಶೂರೆನ್ಸ್ ಸರ್ವೇಯರ್. ಗುದ್ದಿದ, ಸುಟ್ಟ, ಮುಳುಗಿದ ಗಾಡಿಗಳನ್ನು ನೋಡಿ ನಷ್ಟ ಎಷ್ಟೆಂದು ಬರೆಯುವವನು. ಮನೆಯಲ್ಲಿ ಏನೇ ಆಗಬೇಕಾದರೂ ಅವನೇ ಮುಂದೆ. ಅಪ್ಪನ ಕಣ್ಣಿನ ಆಪರೇಷನ್‌ಗೆ ಡಾಕ್ಟರನ್ನು ಹುಡುಕಿದ್ದೂ ಅವನೇ, ಕಡ್ಡಿಗೆ ಕ್ಲಿನಿಕ್ಕಿನ ಕೆಲಸದ ಸುಳಿವು ಕೊಟ್ಟದ್ದೂ ಅವನೇ. ಅವನ ಒಂದು ಅಭ್ಯಾಸ ಮಾತ್ರ ಅವಳಿಗೆ ಸೇರುತ್ತಿರಲಿಲ್ಲ. ಮಾತಾಡುತ್ತಾ ಮಾತಾಡುತ್ತಾ ಗಾಡಿಯ ಕೀಲಿಯನ್ನು ಕಿವಿಗೆ ಹಾಕಿ ತಿರುವಿ, ಹೊರಗೆ ತೆಗೆದು, ತುದಿಗೆ ಏನು ಬಂತು ಎಂದು ನೋಡುತ್ತಿದ್ದ. ಅದೊಂದನ್ನು ಬಿಟ್ಟರೆ ಒಳ್ಳೆಯ ಮನುಷ್ಯ ಎಂದೇ ಅವಳು ತಿಳಿದಿದ್ದಳು.

ಒಂದು ಭಾನುವಾರ ಬೆಳಿಗ್ಗೆ ಮನೆ ಮುಂದೆ ಹಾರ್ನು ಕೇಳಿಸಿತು. ಹೊರಗೆ ಬಂದು ನೋಡಿದರೆ ಗಿಳಿಹಸಿರು ಬಣ್ಣದ ಪುಟ್ಟ ಕಾರು. ಮೇಲ್ಛಾವಣಿ ಕೆನೆಬಣ್ಣ, ಮುಂದೆ ದುಂಡನೆಯ ಎರಡು ದೀಪ. ಬೆಪ್ಪಾಗಿ ಕಣ್ಣರಳಿಸಿಕೊಂಡ ಮಗುವಿನ ಮುಖದ ಹಾಗಿತ್ತು.

"ಇಡೀ ಊರಲ್ಲಿ ಇಂಥದ್ದು ಇನ್ನೊಂದಿಲ್ಲ" ಎಂದ ಭಾವ. "ಒಬ್ಬರೇ ಓನರ್. ವಿದೇಶಕ್ಕೆ ಹೋದ್ರು. ನಿನಗೆ ಅಂತಲೇ ತೆಗೆದಿಟ್ಟಿದ್ದೆ."

ಬೆಲೆ ಕೇಳಿದಳು. ಉಳಿತಾಯದಲ್ಲಿ ಇನ್ನೂ ಒಂದಿಷ್ಟು ಮಿಗುತ್ತಿತ್ತು. ಅಪ್ಪನೂ ಬಿಳಿ ಬಣ್ಣದ ಮಾತು ಮರೆತು ಸುತ್ತ ತಿರುಗಿ ನೋಡಿದ. ಒಳಗೆ ನಿಂಬೆಹಣ್ಣಿನ ಸೆಂಟು ಘಮ್ಮೆನ್ನುತ್ತಿತ್ತು, ಸ್ವಲ್ಪ ಜಾಸ್ತಿಯೇ. ಸೀಟಿನ ಹೊದಿಕೆ ಈಗಷ್ಟೇ ಒಗೆದ ಹಾಗಿತ್ತು. "ಎರಡು ದಿನ ಇಟ್ಕೊಂಡು ಓಡಿಸಿ ನೋಡು. ಮನಸ್ಸಿಗೆ ಬಂದ್ರೆ ಮುಂದಿನ ಮಾತು" ಎಂದು ಭಾವ ಕೀಲಿಯನ್ನು ಅವಳ ಕೈಗಿಟ್ಟ. ಕಡ್ಡಿ ಅದನ್ನು ಲಂಗದ ತುದಿಯಿಂದ ಒರೆಸಿ ಹಿಡಿದುಕೊಂಡಳು.

ಆವತ್ತು ಊರೆಲ್ಲ ಸುತ್ತಿದಳು. ಟ್ರಾಫಿಕ್ ಪೊಲೀಸ್ ಕೂಡ ತಿರುಗಿ ನೋಡಿದ. ಮರುದಿನ ಕ್ಲಿನಿಕ್ಕಿಗೆ ತೆಗೆದುಕೊಂಡು ಹೋಗಿ ಎಲ್ಲರನ್ನೂ ಹೊರಗೆ ಕರೆದು ತೋರಿಸಿದಳು. ಎಕ್ಸ್‌ರೇ ತೆಗೆಯುವ ಹುಡುಗಿ, ಅವಳದೇ ವಯಸ್ಸಿನವಳು, ಬಾನೆಟ್ಟಿನ ಮೇಲೆ ಕೈಯಾಡಿಸಿ "ಅಯ್ಯೋ ಪುಣ್ಯವಂತೆ! ನನಗೂ ಇಂಥದ್ದೇ ಬೇಕು ಕಣೇ" ಎಂದಳು. ಭಾವನ ಗುಣಗಾನ ಮಾಡಿ ಕಡ್ಡಿ ಅವನ ನಂಬರನ್ನೂ ಕೊಟ್ಟಳು.

ಮಧ್ಯಾಹ್ನದ ಬಿಸಿಲಿನಲ್ಲಿ ಕಾರು ಕಾದು ಹೆಂಚಾಗಿತ್ತು. ಕೆಲಸ ಮುಗಿಸಿ ಬಾಗಿಲು ತೆಗೆದಾಗ ನಿಂಬೆಯ ವಾಸನೆಯ ಅಡಿಯಿಂದ ಇನ್ನೊಂದು ವಾಸನೆ ಮೇಲೆ ಬಂತು. ಹೂದಾನಿಯಲ್ಲಿ ಕೊಳೆತ ನೀರಿನಂಥದ್ದು. ಕಿಟಕಿ ಇಳಿಸಿದಳು, ಹೋಗಲಿಲ್ಲ. ಅರ್ಧ ದಾರಿ ಬರುವುದರೊಳಗೆ ಅವಳಿಗೆ ನೆನಪಾಯಿತು, ಈ ವಾಸನೆಯನ್ನು ತಾನು ಮೊದಲೂ ಮೂಸಿದ್ದೇನೆ. ಹಿಂದಿನ ಮಳೆಗಾಲದಲ್ಲಿ ನದಿ ಉಕ್ಕಿ ಪಕ್ಕದ ಊರಿನ ತಗ್ಗು ಬಡಾವಣೆ ಪೂರ್ತಿ ಮುಳುಗಿತ್ತು. ನೀರು ಇಳಿದ ಮೇಲೆ ಅಲ್ಲಿನ ಕೆಲವು ಮನೆಗಳಿಗೆ ರೋಗಿಗಳನ್ನು ನೋಡಲು ಹೋಗುತ್ತಿದ್ದಳು. ಗೋಡೆಗೆ ಹೊಸ ಬಣ್ಣ ಬಳಿದಿದ್ದರೂ, ಹಾಸಿಗೆ ಬದಲಿಸಿದ್ದರೂ ಇದೇ ವಾಸನೆ ಎದುರಿಗೆ ಬಂದು ಕೂರುತ್ತಿತ್ತು.

ಮನೆಗೆ ಬಂದವಳೇ ಅಪ್ಪನನ್ನು ಕರೆದಳು. ಕಾಲಡಿಯ ಚಾಪೆ ಎತ್ತಿದರೆ ಎಲ್ಲ ಚೊಕ್ಕಟ. ಸೀಟ್ ಬೆಲ್ಟನ್ನು ಹಿಡಿದು ಪೂರ್ತಿ ಹೊರಗೆ ಎಳೆದಳು. ಒಳಗೆ ಸುತ್ತಿಕೊಂಡಿದ್ದ ಕೊನೆಯ ಭಾಗ ಕಂದು ಬಣ್ಣಕ್ಕೆ ತಿರುಗಿ ಬಿರುಸಾಗಿತ್ತು. ಡಿಕ್ಕಿ ತೆಗೆದು, ಹಲಗೆ ಸರಿಸಿ, ಸ್ಟೆಪ್ನಿ ಚಕ್ರವನ್ನು ಇಬ್ಬರೂ ಸೇರಿ ಎತ್ತಿದರು. ಅದರಡಿಯ ಗುಳಿಯಲ್ಲಿ ಒಣಗಿ ಬಿರುಕುಬಿಟ್ಟ ಕೆಸರು, ಕೊಳೆತ ಎಲೆ. ಎಲೆಯ ನಡುವೆ ಬೆರಳುದ್ದದ ಒಂದು ಮೀನು ಬಾಯಿ ತೆರೆದುಕೊಂಡೇ ಒಣಗಿಹೋಗಿತ್ತು.

ಕಡ್ಡಿ ಚರಂಡಿಯ ಹತ್ತಿರ ಓಡಿಹೋಗಿ ಬಗ್ಗಿದಳು. ವಾಂತಿ ಬರಲಿಲ್ಲ, ಬರೀ ವಾಕರಿಕೆ. ತಿರುಗಿ ಬರುವಷ್ಟರಲ್ಲಿ ಅಪ್ಪ ಪೊರಕೆ ತಂದು ಆ ಮಣ್ಣನ್ನೆಲ್ಲ ಹಳೇ ಪೇಪರಿಗೆ ಗುಡಿಸಿಕೊಂಡಿದ್ದ. ಮೀನನ್ನು ಎರಡು ಬೆರಳಲ್ಲಿ ಎತ್ತಿ ಕಸದ ಡಬ್ಬಿಗೆ ಹಾಕಿದ. ಫೋಟೋ ತೆಗೆಯಬೇಕೆಂದು ಇಬ್ಬರಿಗೂ ತೋಚಲಿಲ್ಲ. ಮನೆಯ ಅಳಿಯನ ಮೇಲೆ ಸಾಕ್ಷಿ ಕೂಡಿಹಾಕಬೇಕಾಗುತ್ತದೆ ಎಂದು ಯಾರು ತಾನೇ ಅಂದುಕೊಳ್ಳುತ್ತಾರೆ?

"ನಿನ್ನ ಭಾವನಿಗೂ ಯಾರೋ ಟೋಪಿ ಹಾಕಿರಬೇಕು" ಎಂದ ಅಪ್ಪ. ಕಡ್ಡಿಯೂ ಹಾಗೇ ನಂಬಿಕೊಂಡು ಆ ಸಂಜೆ ಅಕ್ಕನ ಮನೆಗೆ ಹೋದಳು.

ಅಕ್ಕನ ಮನೆಯಲ್ಲಿ ಹೊಸ ಸೋಫಾಕ್ಕೆ ಅಂಗಡಿಯ ಪ್ಲಾಸ್ಟಿಕ್ ಇನ್ನೂ ಹಾಗೇ ಇತ್ತು. ಕೂತರೆ ಕೆಳಗಿನಿಂದ ಕಿರುಗುಟ್ಟುತ್ತಿತ್ತು. ಭಾವ ಕಾಲ ಮೇಲೆ ಕಾಲು ಹಾಕಿಕೊಂಡು ಎಲ್ಲವನ್ನೂ ಕೇಳಿಸಿಕೊಂಡ. ಬೆಲ್ಟಿನ ಬಣ್ಣ, ಗುಳಿಯ ಕೆಸರು, ಮೀನು, ಎಲ್ಲವನ್ನೂ. ಮುಖದಲ್ಲಿ ಒಂದು ಗೆರೆ ಅಲುಗಲಿಲ್ಲ.

"ಸ್ಟೆಪ್ನಿ ಕೆಳಗಾ?" ಎಂದ. "ಥೂ, ಆ ವಾಷಿಂಗ್‌ನವನಿಗೆ ಅಷ್ಟು ಹೇಳಿದ್ದೆ."

ಕಡ್ಡಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಬೇಕಾಯಿತು. "ನಿಮಗೆ ಗೊತ್ತಿತ್ತಾ ಭಾವ?"

"ಗೊತ್ತಿಲ್ದೆ ಏನು? ಅದರ ರಿಪೋರ್ಟ್ ಬರೆದವನೇ ನಾನು." ಭಾವ ಜೇಬಿನಿಂದ ತನ್ನ ಗಾಡಿಯ ಕೀಲಿ ತೆಗೆದು ಕಿವಿಗೆ ಹಾಕಿಕೊಂಡ. "ಟೋಟಲ್ ಲಾಸ್ ಅಂತ ಬರೆದ ಗಾಡಿಗಳನ್ನ ನಮ್ಮ ಶೆಡ್ಡಿನವನು ಗುಜರಿ ರೇಟಿಗೆ ಎತ್ತುತ್ತಾನೆ. ತೊಳೆದು, ವೈರ್ ಬದಲಾಯಿಸಿ ಕೊಡೋದು. ನಾವೇನು ಕದ್ದಿದ್ದೀವಾ? ನೀರು ತಾನೇ? ಕಾರನ್ನ ತೊಳೆಯೋದೂ ನೀರಲ್ಲೇ."

"ನನಗೆ ಮಾರೋಕೆ ಮನಸ್ಸಾದರೂ ಹೇಗೆ ಬಂತು?"

ಭಾವನಿಗೆ ನಿಜವಾಗಿಯೂ ಬೇಜಾರಾಯಿತು. "ನೋಡು, ಇದಕ್ಕೇ ಹೇಳೋದು, ಉಪಕಾರ ಮಾಡಬಾರದು ಅಂತ. ಅಲ್ಲಿದ್ದ ಉಳಿದ ಗಾಡಿಗಳೆಲ್ಲ ಟಾಪ್ ತನಕ ಮುಳುಗಿದ್ವು. ನಮ್ಮ ಕಡ್ಡಿಗೆ ಅಂತ ಸೊಂಟದ ತನಕ ಮುಳುಗಿದ್ದನ್ನ ಆರಿಸಿ ತೆಗೆದಿಟ್ಟೆ."

"ಗುದ್ದಿದಾಗ ಏರ್‌ಬ್ಯಾಗ್ ಬಿಚ್ಚದೇ ಹೋದ್ರೆ?"

"ಗುದ್ದಬೇಡ."

ಕೀಲಿಯ ತುದಿಯನ್ನು ಬೆಳಕಿಗೆ ಹಿಡಿದು ನೋಡಿ, ಹೆಬ್ಬೆರಳಿನಿಂದ ಒರೆಸಿ, ಹೆಬ್ಬೆರಳನ್ನು ಸೋಫಾದ ಪ್ಲಾಸ್ಟಿಕ್ಕಿಗೆ ಒರೆಸಿದ. ಕಡ್ಡಿ ಅಕ್ಕನ ಕಡೆ ತಿರುಗಿದಳು. ಇದು ಕೇಳಿ ಅಕ್ಕ ಸಿಡಿದೇಳುತ್ತಾಳೆ ಎಂದೇ ಅವಳು ಕಾದಿದ್ದಳು. ಅಕ್ಕ ಅಡುಗೆಮನೆಯ ಬಾಗಿಲಲ್ಲಿ ನಿಂತು ಟವೆಲ್ಲಿನಿಂದ ಕೈ ಒರೆಸುತ್ತಲೇ ಇದ್ದಳು, ಕೈ ಒಣಗಿ ಬಹಳ ಹೊತ್ತಾಗಿದ್ದರೂ.

"ಸೀಟಿನ ಬಟ್ಟೆ ನಾನೇ ಒಗೆದಿದ್ದು" ಎಂದಳು ಕೊನೆಗೆ. "ಮೂರು ಸಲ ಒಗೆದೆ ಕಣೇ. ಈಗ ಕ್ಲೀನಾಗಿದೆ."

ತನ್ನ ತಲೆ ಬಾಚಿದ ಕೈ. ಜ್ವರ ಬಂದಾಗ ಹಣೆಗೆ ಒದ್ದೆಬಟ್ಟೆ ಹಾಕಿದ ಕೈ. ಕಡ್ಡಿ ಟೀಪಾಯಿಯ ಮೇಲೆ ಕಾರಿನ ಕೀಲಿ ಇಟ್ಟು ಹೊರಗೆ ಬಂದಳು. ಬರುವಾಗ ಗೇಟಿನ ಹತ್ತಿರ ನಿಂತಿದ್ದ ಹಸಿರು ಕಾರು ದುಂಡು ಕಣ್ಣಿನಿಂದ ಅವಳನ್ನೇ ನೋಡಿತು. ಎಲ್ಲ ತಿಳಿದ ಮೇಲೂ ಅದರ ಬಾನೆಟ್ ಸವರಬೇಕು ಅನ್ನಿಸಿತು. ಅನ್ನಿಸಿದ್ದಕ್ಕೆ ತನ್ನ ಮೇಲೂ ಅಸಹ್ಯವಾಯಿತು.

"ಹೊರಗೆ ಎಲ್ಲೂ ಬಾಯಿ ಬಿಡಬೇಡಮ್ಮ" ಎಂದ ಅಪ್ಪ, ಮನೆಗೆ ಬಂದು ಅವಳು ಎಲ್ಲ ಹೇಳಿದ ಮೇಲೆ. "ಅಕ್ಕನ ಸಂಸಾರದ ಪ್ರಶ್ನೆ. ನಮಗೆ ಬೇಡ ಅಂದ್ವಿ, ಮುಗೀತು."

ಹುಟ್ಟಿದಾಗಿನಿಂದ ಯಾರ ಮಾತಿಗೂ ಬಾಯಿ ಮುಚ್ಚದ ಹುಡುಗಿ ಈ ಮಾತಿಗೆ ಮುಚ್ಚಿದಳು. ಕ್ಲಿನಿಕ್ಕಿನಲ್ಲಿ ಕೇಳಿದವರಿಗೆಲ್ಲ "ಸರಿಹೋಗಲಿಲ್ಲ" ಎಂದಷ್ಟೇ ಹೇಳಿದಳು. ಮತ್ತೆ ಗಾಳಿಚೆಂಡು, ಮತ್ತೆ ಬಸ್ಸು, ಮತ್ತೆ ಕಂಡಕ್ಟರನ 'ಮಗೂಗೂ ಟಿಕೆಟ್'.

ಕೆಲವು ವಾರ ಕಳೆದ ಮೇಲೆ ಎಕ್ಸ್‌ರೇ ಹುಡುಗಿ ಚಾಕಲೇಟ್ ಡಬ್ಬಿ ಹಿಡಿದು ಬಂದಳು. ಎಲ್ಲರಿಗೂ ಹಂಚಿ, ಕಡ್ಡಿಯ ಬಾಯಿಗೆ ತಾನೇ ಒಂದು ತುರುಕಿ, "ಏನು ವಿಶೇಷ ಕೇಳು!" ಎಂದಳು. "ನೀನು ಬೇಡ ಅಂದ ಹಸಿರು ಕಾರು ಈಗ ನಂದು! ನಿಮ್ಮ ಭಾವನಿಗೆ ಫೋನ್ ಮಾಡಿದ್ದೆ. ಎಷ್ಟು ಒಳ್ಳೆಯವರು! ಅಡ್ವಾನ್ಸ್ ಕೊಟ್ಟಾಯ್ತು. ಶುಕ್ರವಾರ ಮನೆಗೆ ಬರುತ್ತೆ."

ಚಾಕಲೇಟ್ ನಾಲಿಗೆಯ ಮೇಲೆ ಕರಗಿ ಜಿಗುಟಾಗಿ ಹರಡಿತು. ಕಡ್ಡಿ ಬಾತ್‌ರೂಮಿಗೆ ಹೋಗಿ ಉಗಿದಳು. ಬಾಯಿ ಮುಕ್ಕಳಿಸಿದಳು. ಕನ್ನಡಿಯಲ್ಲಿ ತನ್ನ ಮುಖ ನೋಡಿಕೊಂಡಳು. ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ಅಕ್ಕನ ಮುಖವೇ ಅಲ್ಲಿತ್ತು. ಅದನ್ನು ನೋಡಿ ತಡೆಯಲಾಗಲಿಲ್ಲ. ನೇರವಾಗಿ ಎಕ್ಸ್‌ರೇ ಕೋಣೆಗೆ ಹೋಗಿ ಬಾಗಿಲು ಹಾಕಿ, ಇದ್ದದ್ದನ್ನು ಇದ್ದ ಹಾಗೆ ಹೇಳಿದಳು.

ಆ ಹುಡುಗಿ ಮೊದಲು ನಕ್ಕಳು. ಆಮೇಲೆ ಅವಳ ಮುಖ ಗಂಟಿಕ್ಕಿತು.

"ಇಷ್ಟು ದಿನ ಯಾಕೆ ಹೇಳಲಿಲ್ಲ?"

"ಮನೆಯವರು ಅಂತ."

"ಈಗ ಮನೆಯವರಲ್ವಾ? ನಿನಗೆ ಸಿಗಲಿಲ್ಲ, ನನಗೆ ಸಿಕ್ತು ಅಂತ ಹೊಟ್ಟೆ ಉರೀತಾ?"

"ನನ್ನ ಜೊತೆ ಬಾ. ಬೆಲ್ಟ್ ಎಳೆದು ತೋರಿಸ್ತೀನಿ. ಸ್ಟೆಪ್ನಿ ಎತ್ತಿ ತೋರಿಸ್ತೀನಿ. ಆಮೇಲೆ ನೀನೇ ಹೇಳು."

ಮನೆಗೆ ಹೋಗಿ ಅಪ್ಪನಿಗೂ ಹೇಳಿದಳು, ನಾಳೆ ಶೆಡ್ಡಿಗೆ ಹೋಗುತ್ತಿದ್ದೇನೆ ಎಂದು. ಅಪ್ಪ ಡಿಪೋದ ಸಮವಸ್ತ್ರಕ್ಕೆ ಇಸ್ತ್ರಿ ಹಾಕುತ್ತಿದ್ದ. ಹಾಕಿದ ಜಾಗಕ್ಕೇ ಮತ್ತೆ ಮತ್ತೆ ಇಸ್ತ್ರಿ ಹಾಕಿದ.

ಶೆಡ್ಡು ಊರಾಚೆ ಇತ್ತು. ತಗಡಿನ ಮಾಡಿನ ಕೆಳಗೆ ಸಾಲಾಗಿ ಕಾರುಗಳು ಬಾಯಿ ತೆರೆದು ಒಣಗುತ್ತಿದ್ದವು. ಕಿತ್ತ ಸೀಟುಗಳು ಒಂದರ ಮೇಲೊಂದು, ಅವುಗಳ ಮೇಲೆ ನೊಣ. ಮೂಲೆಯಲ್ಲಿ ನಿಂಬೆ ಸೆಂಟಿನ ಕ್ಯಾನುಗಳು. ನಡುವೆ ಗಿಳಿಹಸಿರು ಕಾರು ಹೊಸ ಪಾಲಿಶಿನಲ್ಲಿ ಥಳಥಳಿಸುತ್ತಿತ್ತು. ಭಾವ ನಗುನಗುತ್ತಲೇ ಬಂದ. "ಬನ್ನಿ ಬನ್ನಿ. ಓಹೋ, ಕಡ್ಡಿಯೂ ಬಂದಿದಾಳೆ!"

ಕಡ್ಡಿ ಮಾತಿಗೆ ನಿಲ್ಲದೆ ಸೀಟ್ ಬೆಲ್ಟ್ ಹಿಡಿದು ಎಳೆದಳು. ಎಳೆದಷ್ಟೂ ಬಂತು. ಕೊನೆಯವರೆಗೂ ಹೊಚ್ಚಹೊಸ ಕಪ್ಪು ಬೆಲ್ಟು. ಡಿಕ್ಕಿ ತೆಗೆದು ಸ್ಟೆಪ್ನಿ ಎತ್ತಿದಳು. ಗುಳಿ ತೊಳೆದು, ಬಣ್ಣ ಬಳಿದು, ಊಟದ ತಟ್ಟೆಯ ಹಾಗೆ ಹೊಳೆಯುತ್ತಿತ್ತು. ಎಲ್ಲೆಲ್ಲಿ ಕೊಳೆ ಉಳಿದಿದೆ ಎಂದು ಅವಳೇ ಅವನಿಗೆ ಒಂದೊಂದಾಗಿ ಹೇಳಿಕೊಟ್ಟಿದ್ದಳು. ಅವನು ಒಂದನ್ನೂ ಬಿಡದೆ ತೊಳೆಸಿದ್ದ.

"ಪಾಪ, ಮಗು ಅದು" ಎಂದ ಭಾವ ಎಕ್ಸ್‌ರೇ ಹುಡುಗಿಗೆ, ದನಿ ತಗ್ಗಿಸಿ. "ಆಸೆ ಪಟ್ಟಿದ್ದಳು. ದುಡ್ಡು ಹೊಂದಿಸೋಕಾಗಲಿಲ್ಲ. ಈಗ ಇನ್ನೊಬ್ಬರ ಪಾಲಾಯ್ತಲ್ಲ ಅಂತ ಸಂಕಟ. ತಪ್ಪು ತಿಳ್ಕೋಬೇಡಿ."

ಎಕ್ಸ್‌ರೇ ಹುಡುಗಿ ಕಡ್ಡಿಯತ್ತ ನೋಡಿದ ನೋಟದಲ್ಲಿ ಸಿಟ್ಟಿಗಿಂತ ಹೇಸಿಕೆಯೇ ಹೆಚ್ಚಿತ್ತು, ಚಪ್ಪಲಿಗೆ ಅಂಟಿದ್ದನ್ನು ನೋಡುವ ಹಾಗೆ. ಕಡ್ಡಿ ಗುಳಿಯ ಅಂಚನ್ನೆಲ್ಲ ಬೆರಳಿನಿಂದ ತಡಕಿದಳು. ಎದುರಿಗಿದ್ದವರ ಬಾಯಿ ಮುಚ್ಚಿಸುವಂಥ ಮಾತು ಸದಾ ನಾಲಿಗೆ ತುದಿಯಲ್ಲೇ ಇಟ್ಟುಕೊಂಡಿದ್ದವಳಿಗೆ ಆ ಹೊತ್ತಿಗೆ ಒಂದೂ ಸಿಗಲಿಲ್ಲ.

"ಮಣ್ಣು ಇತ್ತಮ್ಮ."

ಹಿಂದಿನಿಂದ ಬಂದ ದನಿ ಅಪ್ಪನದು. ಡಿಪೋದ ಖಾಕಿ ಬಟ್ಟೆಯಲ್ಲಿ, ಬಸ್ಸು ಇಳಿದು ಬಿಸಿಲಲ್ಲಿ ನಡೆದು ಬಂದು ಏದುಸಿರು ಬಿಡುತ್ತಾ ನಿಂತಿದ್ದ. ಅಳಿಯನ ಮುಖ ನೋಡಲಿಲ್ಲ. ಪರಿಚಯವೇ ಇಲ್ಲದ ಆ ಹುಡುಗಿಗೆ ಹೇಳಿದ. "ನಾನು ಇವಳ ಅಪ್ಪ. ಆ ಗುಳೀಲಿದ್ದ ಮಣ್ಣನ್ನ ಗುಡಿಸಿದ್ದು ನಾನೇ. ಒಂದು ಮೀನಿತ್ತು. ಅದನ್ನ ಎತ್ತಿ ಕಸಕ್ಕೆ ಹಾಕಿದ್ದೂ ನಾನೇ. ಈ ಗಾಡಿ ಹೊಳೇಲಿ ಮುಳುಗಿದ್ದು. ತಗೋಬೇಡಮ್ಮ."

"ಮಾವ" ಎಂದ ಭಾವ. ನಗು ಇನ್ನೂ ಮುಖದ ಮೇಲೇ ಇತ್ತು, ತೆಗೆಯಲು ಮರೆತವನಂತೆ. "ಯೋಚನೆ ಮಾಡಿ ಮಾತಾಡಿ. ನಿಮ್ಮ ದೊಡ್ಡ ಮಗಳು ಇರೋದು ನನ್ನ ಮನೇಲಿ."

"ಗೊತ್ತು ಅಳಿಯಂದಿರೇ. ಅದಕ್ಕೇ ಇಷ್ಟು ದಿನ ಸುಮ್ಮನಿದ್ದೆ. ಸುಮ್ಮನಿದ್ದಾಗಿನಿಂದ ನನಗೆ ಊಟ ಸೇರ್ತಿಲ್ಲ."

ಎಕ್ಸ್‌ರೇ ಹುಡುಗಿ ಅಪ್ಪನ ಮುಖವನ್ನು ದಿಟ್ಟಿಸಿ ನೋಡಿ, ಕೈ ಚಾಚಿ ತನ್ನ ಅಡ್ವಾನ್ಸ್ ವಾಪಸ್ ಕೇಳಿದಳು. ಭಾವ ಒಂದಿಷ್ಟು ಕೂಗಾಡಿದ, ಒಂದಿಷ್ಟು ಅಂಗಲಾಚಿದ, ಆಮೇಲೆ ಕೊಟ್ಟ. ಹುಡುಗಿ ಕಡ್ಡಿಗೆ ಥ್ಯಾಂಕ್ಸ್ ಹೇಳಲಿಲ್ಲ. "ಎಂಥ ಜನಾನೋ!" ಎಂದುಕೊಂಡು ಆಟೋ ಹತ್ತಿದಳು. ಆ 'ಜನ'ದೊಳಗೆ ತಾನೂ ಸೇರಿದ್ದೇನೆ ಎಂದು ಕಡ್ಡಿಗೆ ಗೊತ್ತಾಯಿತು. ವಾಪಸ್ ಬರುವಾಗ ಬಸ್ಸಿನಲ್ಲಿ ಅಪ್ಪ ಅವಳ ಭುಜಕ್ಕೆ ತಲೆ ಒರಗಿಸಿ ನಿದ್ದೆ ಹೋದ.

ಭಾವನ ಕಂಪನಿಗೆ ಕಡ್ಡಿ ಫೋನು ಮಾಡಿ ದೂರು ಕೊಟ್ಟಳು. "ವಿಚಾರಿಸ್ತೀವಿ ಮೇಡಂ" ಎಂದರು. ಏನು ವಿಚಾರಿಸಿದರೋ, ಭಾವ ಕೆಲಸದಲ್ಲೇ ಮುಂದುವರಿದ. ಹಸಿರು ಕಾರು ದೂರದ ಊರಿನ ಯಾರಿಗೋ ಮಾರಿಹೋಯಿತಂತೆ. ಅವರ ಹೆಸರಾಗಲಿ ನಂಬರಾಗಲಿ ಸಿಗಲಿಲ್ಲ. ಅಕ್ಕನ ಫೋನು ನಿಂತುಹೋಯಿತು. ಇವಳು ಮಾಡಿದರೆ ರಿಂಗಾಗಿ ರಿಂಗಾಗಿ ಸುಮ್ಮನಾಗುತ್ತಿತ್ತು.

ಕಾರಿನ ಸುದ್ದಿಯೇ ಬೇಡ ಎಂದುಕೊಂಡಿದ್ದವಳಿಗೆ ಒಂದು ಕಾರು ತಾನಾಗಿ ಸಿಕ್ಕಿದ್ದು ರೋಗಿಯೊಬ್ಬಳ ಮನೆಯಲ್ಲಿ. ಭುಜ ಹಿಡಿದುಕೊಂಡು ಕೈ ಮೇಲೆತ್ತಲಾರದೆ ಕೂತಿದ್ದ ಆಕೆ ಡ್ರೈವಿಂಗ್ ಸ್ಕೂಲಿನ ಟೀಚರು. ದಪ್ಪ ದನಿಯ, ದಪ್ಪ ಕನ್ನಡಕದ ಹೆಂಗಸು.

"ಕಲಿಯೋರ ಸ್ಟೇರಿಂಗ್ ಎಳೆದೂ ಎಳೆದೂ ಈ ಗತಿ ಆಯ್ತು" ಎಂದಳು. "ಸ್ಕೂಲು ಮುಚ್ತಿದೀನಿ. ಕಾರು ಮಾರಬೇಕು, ಯಾರೂ ತಗೊಳಲ್ಲ ಅಂತಾರೆ."

"ಯಾಕೆ?"

"ಬಂದು ನೋಡು."

ಹಿತ್ತಲಲ್ಲಿ ನಿಂತಿದ್ದದ್ದು ಅರ್ಧ ಕಿತ್ತಳೆ, ಅರ್ಧ ಬಿಳಿ ಬಣ್ಣದ ಡಬ್ಬಿಯಂಥ ಕಾರು. ಸ್ಕೂಲಿನ ಹೆಸರಿನ ಸ್ಟಿಕ್ಕರ್ ಕಿತ್ತಿದ್ದರೂ ಬಿಸಿಲಿಗೆ ಮಾಸದ ಅಕ್ಷರಗಳ ನೆರಳು ಬಾಗಿಲ ಮೇಲೆ ಹಾಗೇ ಇತ್ತು. ಪಕ್ಕದ ಸೀಟಿನ ಮುಂದೆಯೂ ಒಂದು ಬ್ರೇಕು, ಒಂದು ಕ್ಲಚ್ಚು. ಸುತ್ತಲೂ ತಗ್ಗು. ಟೀಚರು ಒಂದೊಂದು ತಗ್ಗಿನ ಮೇಲೂ ಬೆರಳಿಟ್ಟು ಪರಿಚಯ ಮಾಡಿಸಿದಳು. "ಇದು ಬ್ಯಾಂಕ್ ಮ್ಯಾನೇಜರ್‌ದು. ಇದು ಮದುವೆಗೆ ಮುಂಚೆ ಲೈಸೆನ್ಸ್ ಬೇಕು ಅಂತ ಹಟ ಹಿಡಿದವನದು. ಇದು ನಂದೇ. ಎಂಜಿನ್ ಗಟ್ಟಿ. ಎರಡನೇ ಗೇರು ಸ್ವಲ್ಪ ಮೊಂಡು. ಆಮೇಲೆ ವಾಸನೆ. ಮೊದಲೇ ಹೇಳಿಬಿಡ್ತೀನಿ. ಹತ್ತು ವರ್ಷ ಜನ ಹೆದರಿಕೊಂಡು ಬೆವತಿರೋ ವಾಸನೆ. ಏನು ಮಾಡಿದ್ರೂ ಹೋಗಲ್ಲ."

ಕಡ್ಡಿ ಬಾಗಿಲು ತೆಗೆದು ಮೂಗು ಹಾಕಿದಳು. ಹೌದು, ಬೆವರಿನ ನಾತ. ಸ್ಟೇರಿಂಗ್ ಮೇಲೆ ಎಷ್ಟೋ ಅಂಗೈಗಳ ಜಿಡ್ಡು ಕೂತು ಕಪ್ಪು ಮೆರುಗು ಬಂದಿತ್ತು. ಮುಟ್ಟಲು ಮನಸ್ಸಾಗಲಿಲ್ಲ. ಆದರೂ ಮುಟ್ಟಿದಳು. ಮೆಕ್ಯಾನಿಕ್ಕೊಬ್ಬನನ್ನು ಕರೆತಂದು ತೋರಿಸಿದಳು. ಬೆಲ್ಟುಗಳನ್ನೆಲ್ಲ ಎಳೆದು, ಸ್ಟೆಪ್ನಿ ಎತ್ತಿ ತಾನೂ ನೋಡಿದಳು. ಸ್ಟೆಪ್ನಿಯ ಕೆಳಗೆ ಯಾರೋ ಬೀಳಿಸಿದ ಒಂದು ಬಾಚಣಿಗೆ, ಅದರಲ್ಲಿ ಕೂದಲು. "ಥೂ" ಎಂದು ಎಸೆದಳು. ಕಾರು ಕೊಂಡಳು.

ಅಪ್ಪ ಮೊದಲ ದಿನ ಪಕ್ಕದಲ್ಲಿ ಕೂತವನು ಹೆದರಿ ಹೆದರಿ ತನ್ನ ಕಡೆಯ ಬ್ರೇಕನ್ನೇ ಒತ್ತಿದ. ನಡುರಸ್ತೆಯಲ್ಲಿ ಕಾರು ಗಕ್ಕನೆ ನಿಂತು, ಹಿಂದಿನ ಸೀಟಿನಲ್ಲಿದ್ದ ಗಾಳಿಚೆಂಡು ಪುಟಿದು ಇಬ್ಬರ ತಲೆಗೂ ಬಡಿಯಿತು. "ಕಾಲು ಮೇಲೆ ಎತ್ಕೊಂಡು ಕೂತ್ಕೋ, ಇಲ್ಲಾಂದ್ರೆ ಇಳಿದು ಬಸ್ಸಿಗೆ ಬಾ" ಎಂದು ಕಡ್ಡಿ ಗದರಿದಳು. ಎಷ್ಟೋ ದಿನಗಳ ಮೇಲೆ ಅಪ್ಪ ನಕ್ಕ.

ಅಕ್ಕ ಸಿಕ್ಕಿದ್ದು ಇನ್ನೂ ಕೆಲವು ತಿಂಗಳಾದ ಮೇಲೆ. ಕಡ್ಡಿ ಒಬ್ಬ ರೋಗಿಯ ಮನೆಯಿಂದ ಇನ್ನೊಬ್ಬರ ಮನೆಗೆ ಹೋಗುತ್ತಿದ್ದಳು. ಬಸ್ ಸ್ಟಾಪಿನಲ್ಲಿ ಎರಡು ಕೈಯಲ್ಲೂ ಚೀಲ ಹಿಡಿದು ನಿಂತಿದ್ದ ಹೆಂಗಸು ಅಕ್ಕನ ಹಾಗೆ ಕಂಡಳು. ಅಕ್ಕನೇ. ಕಡ್ಡಿ ಕಾರು ನಿಲ್ಲಿಸಿ ಬಾಗಿಲು ತೆರೆದಳು. ಅಕ್ಕ ಅತ್ತ ಇತ್ತ ನೋಡಿ ಹತ್ತಿ ಕೂತಳು.

ಅಕ್ಕ ಬಡವಾಗಿದ್ದಳು. ಕಾಲಡಿಯ ಬ್ರೇಕು ನೋಡಿ ಪಾದವನ್ನು ಹಿಂದಕ್ಕೆಳೆದುಕೊಂಡಳು. ಮೂಗು ಸ್ವಲ್ಪ ಅರಳಿತು.

"ಏನೋ ವಾಸನೆ ಬರುತ್ತಲ್ಲೇ."

"ಬೆವರು. ಹಳೇದು. ಹೋಗಲ್ಲ."

"ಸೀಟಿನ ಬಟ್ಟೆ ಬಿಚ್ಚಿಕೊಡು. ನಾನು ಒಗೆದು ಕೊಡ್ತೀನಿ" ಎಂದಳು ಅಕ್ಕ. ಹೇಳಿದ ಮೇಲೆ ತಾನು ಹೇಳಿದ್ದೇನೆಂದು ಹೊಳೆದು ಮುಖ ಕಿಟಕಿಯ ಕಡೆ ತಿರುಗಿಸಿದಳು. ಅವಳ ಕುತ್ತಿಗೆ ಕೆಂಪಾಗುತ್ತಾ ಹೋಯಿತು. ಕಡ್ಡಿ ರಸ್ತೆಯ ಮೇಲೇ ಕಣ್ಣಿಟ್ಟಳು. ಅನ್ನಲು ಬೇಕಾದಷ್ಟಿತ್ತು.

"ಅಪ್ಪ ಚೆನ್ನಾಗಿದಾನಾ?"

"ಇದಾನೆ. ನಿನ್ನನ್ನ ಕೇಳ್ತಾನೆ."

ಅಕ್ಕನ ಮನೆಯ ಹಿಂದಿನ ಬೀದಿ ಬಂದಾಗ ಅಕ್ಕ ಚೀಲಗಳನ್ನು ಮಡಿಲಿಗೆ ಎಳೆದುಕೊಂಡಳು. "ಇಲ್ಲೇ ನಿಲ್ಸು."

"ಮನೆ ಇನ್ನೂ ಮುಂದಿದೆ."

"ಇಲ್ಲೇ ನಿಲ್ಸೇ. ಅವರು ಮನೇಲಿದಾರೆ. ಈ ಬಣ್ಣ ದೂರದಿಂದಲೇ ಗೊತ್ತಾಗುತ್ತೆ."

ಕಡ್ಡಿ ನಿಲ್ಲಿಸಿದಳು. ಅಕ್ಕ ಇಳಿದು, ಸೆರಗು ಸರಿಮಾಡಿಕೊಂಡು, ಸೆರಗಿನ ತುದಿಯನ್ನು ಮೂಗಿಗೆ ಹಿಡಿದು ಆ ಕಾರಿನ ವಾಸನೆ ತನಗೆ ಅಂಟಿದೆಯೇ ಎಂದು ನೋಡಿಕೊಂಡಳು. ಮೈಯೆಲ್ಲ ಒಮ್ಮೆ ಕೊಡವಿಕೊಂಡಳು. ಆಮೇಲೆ ಬಗ್ಗಿ ಕಿಟಕಿಯೊಳಗೆ ಕೈ ಹಾಕಿ ತಂಗಿಯ ಕೆನ್ನೆ ಮುಟ್ಟಿ, 'ಬರ್ತೀನಿ' ಎಂದೂ ಹೇಳದೆ ಬಿರಬಿರನೆ ತಿರುವಿನಲ್ಲಿ ಮರೆಯಾದಳು.

ಕಡ್ಡಿಯ ಕೆನ್ನೆಯ ಮೇಲೆ ಅಕ್ಕನ ಬೆರಳಿನ ಬಿಸಿ ಇನ್ನೂ ಇತ್ತು; ಒರೆಸಿಕೊಳ್ಳಲು ಕೈ ಮೇಲೆತ್ತಿದವಳು ಒರೆಸಿಕೊಳ್ಳಲಿಲ್ಲ. ಕಿಟಕಿಗಳನ್ನೆಲ್ಲ ಇಳಿಸಿ, ಮೊಂಡು ಹಿಡಿದ ಎರಡನೇ ಗೇರನ್ನು ಗುದ್ದಿ ಕೂರಿಸಿ, ಅವಳು ಮುಂದಿನ ರೋಗಿಯ ಮನೆಯ ಕಡೆ ಹೊರಟಳು.